ಮೊಬೈಲ್ ಫೋಟೊ ಪೋಣಿಸಿ ನೀರಿನ ಜಾಡು ಹಿಡಿದದ್ದು

ನನ್ನದು ಭಾಲ್ಕಿ ತಾಲ್ಲೂಕು. ಏಳು ಎಕರೆ ಹೊಲ, ಪೂರಾ ಮಳೆ ನಂಬಿದ ಬೇಸಾಯ. ಮೇಲಿನ ಎರಡು ಎಕರೆ ಕೆಂಪು ಮುರಂ, ಕೆಳಗಿನದು ಎರೆ ಭೂಮಿ. ಮುಂಗಾರಿಗೆ ಸೋಯಾ, ಉದ್ದು, ತೊಗರಿ. ಹಿಂಗಾರಿಗೆ ಕಡಲೆ, ಜೋಳ. ನಾನು ಕಲಿತದ್ದು ಏಳನೇ ಇಯತ್ತೆ ತನಕ. ಕಂಪ್ಯೂಟರಿನ ಗುಂಡಿ ಒತ್ತಿದವನಲ್ಲ. ಆದರೂ ಮೊಬೈಲಿನಲ್ಲಿ ತೆಗೆದ ಫೋಟೊಗಳಿಂದ ಜಿಪಿಎಸ್ ಗೆರೆ ಮಾಡುವುದು ಹೇಗೆಂದು ಬರೆಯಲು ಕೂತಿದ್ದೇನೆ. ಯಾಕೆಂದರೆ ಈ ಗೆರೆ ನನ್ನದೊಂದು ದೊಡ್ಡ ತಪ್ಪನ್ನು ನನಗೇ ತೋರಿಸಿಕೊಟ್ಟಿತು.

2025ರ ಆಗಸ್ಟ್ ಕೊನೆಗೆ ಬೀದರ್ ಜಿಲ್ಲೆಯಲ್ಲಿ ಬಿದ್ದ ಮಳೆ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಭಾಲ್ಕಿ, ಔರಾದ್, ಕಮಲನಗರ ಕಡೆ ಹಳ್ಳಗಳು ದಂಡೆ ಬಿಟ್ಟು ಹೊಲದ ಮೇಲೆ ಹರಿದವು. ಮಾಂಜ್ರಾ ತುಂಬಿ ಬಂತು. ನನ್ನ ಉದ್ದು ಗಿಡದಲ್ಲೇ ಮೊಳಕೆ ಒಡೆಯಿತು. ಅದಾದರೂ ಹೋಗಲಿ, ಮುಂದಿನ ವರ್ಷ ಬೆಳೆಯಬಹುದು. ಸಂಕಟ ಆದದ್ದು ಮಣ್ಣು ಹೋದದ್ದಕ್ಕೆ. ಸೋಯಾ ಹೊಲದ ನಡುವೆ ಮೊಣಕಾಲು ಮಟ್ಟ ಕೊರಕಲು ಬಿತ್ತು. ನನ್ನ ಹೊಲದಿಂದ ಹಾರಿದ ನೀರು ಕೆಳಗಿನವನ ತೊಗರಿಯನ್ನೂ ಕಿತ್ತುಕೊಂಡು ಹೋಯಿತು.

ಮಳೆ ಬಿಟ್ಟ ಮರುದಿನ ಬೆಳಿಗ್ಗೆ ಊರವರೊಬ್ಬರು, ಪರಿಹಾರದ ಅರ್ಜಿಗೆ ಫೋಟೊ ಬೇಕಾಗುತ್ತೆ ತೆಗೆದಿಡು ಅಂದರು. ಮೊಬೈಲ್ ಹಿಡಿದು ಮೇಲಿನ ಹೊಲದಿಂದ ಹಳ್ಳದ ತನಕ ಕೊರಕಲಿನ ದಂಡೆಗುಂಟ ನಡೆದೆ. ನೀರು ನುಗ್ಗಿದ ಕಡೆಯೆಲ್ಲ ನಿಂತು ನಿಂತು 43 ಫೋಟೊ ತೆಗೆದೆ. ಅರ್ಜಿಗೆ ಬೇಕಾದದ್ದು ಎರಡೇ. ಉಳಿದವು ಮೊಬೈಲಿನಲ್ಲೇ ಬಿದ್ದಿದ್ದವು.

ಮೇಲಿನ ಹೊಲದವ ನನಗಿಂತ ಸಣ್ಣವ, ನನಗೆ ಅಣ್ಣಾ ಅಂತಾನೆ. ರಾತ್ರೋರಾತ್ರಿ ಅವನು ತನ್ನ ಒಡ್ಡು ಕಡಿದು ನೀರನ್ನು ನನ್ನ ಮೇಲೆ ಬಿಟ್ಟ ಅಂತ ನಾನು ತಿಳಿದೆ. ತಿಳಿದದ್ದಷ್ಟೇ ಅಲ್ಲ, ನಾಲ್ಕು ಮಂದಿ ಮುಂದೆ ಆಡಿಯೂ ಆಡಿದೆ. ಅವನು ಆಣೆ ಮಾಡಿ ಹೇಳಿದ, ನಾನು ಕೇಳಲಿಲ್ಲ. ಚಹಾ ಕುಡಿಯುವುದು ಬಿಟ್ಟೆವು, ಎತ್ತು ಕೊಟ್ಟು ತರುವುದು ಬಿಟ್ಟೆವು. ಅವನ ಮಗಳ ಮದುವೆಗೆ ನಾನು ಹೋಗಲಿಲ್ಲ. ಕೊನೆಗೆ ಊರ ಹಿರಿಯರ ಮುಂದೆ ಇಡಬೇಕೆಂದು ಆ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಲು ಬೀದರಿಗೆ ಹೊರಟೆ. ಅಷ್ಟೊತ್ತಿಗೆ ಕೊರಕಲನ್ನು ಜೆಸಿಬಿಯಿಂದ ಮುಚ್ಚಿಸಿ, ನೇಗಿಲು ಹೊಡೆದು ಕಡಲೆ ಬಿತ್ತಿ ಕಿತ್ತಾಗಿತ್ತು. ನೆಲದ ಮೇಲೆ ಯಾವ ಗುರುತೂ ಉಳಿದಿರಲಿಲ್ಲ. ಏನಿದ್ದರೂ ಆ ಫೋಟೊಗಳಲ್ಲೇ.

ಬೀದರಿನ ನೌಬಾದ್‌ನಲ್ಲಿ ನನ್ನ ಅಕ್ಕನ ಮಗ ಇದ್ದಾನೆ. ಪಹಣಿ, ಅರ್ಜಿ, ಆನ್‌ಲೈನ್ ಕೆಲಸದ ಸಣ್ಣ ಅಂಗಡಿ. ಅವನು ಫೋಟೊ ನೋಡಿ, "ಮಾಮಾ, ಪ್ರಿಂಟ್ ಆಮ್ಯಾಲ ಹೊಡೆಯೋಣ್ರಿ. ಮೊದಲು ಇವನ್ನೆಲ್ಲ ಒಂದು ದಾವಣಿಗೆ ಕಟ್ಟೋಣ" ಅಂದ.

ಫೋಟೊದ ಬೆನ್ನಿಗೆ ಬರೆದ ಚೀಟಿ

ಮೊಬೈಲಿನಲ್ಲಿ ಫೋಟೊ ತೆಗೆದಾಗ ಬರೇ ಚಿತ್ರ ಉಳಿಯುವುದಿಲ್ಲ. ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಒಂದು ಚೀಟಿ ಅದೇ ಕಡತದೊಳಗೆ ಸೇರಿಕೊಳ್ಳುತ್ತದೆ. ಅದಕ್ಕೆ ಎಕ್ಸಿಫ್ ಅಂತ ಹೆಸರು. ಯಾವ ಮೊಬೈಲು, ಯಾವ ದಿನ, ಎಷ್ಟು ಗಂಟೆ, ಇವೆಲ್ಲ ಅದರಲ್ಲಿರುತ್ತವೆ. ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ನಿಂತ ಜಾಗದ ಅಕ್ಷಾಂಶ, ರೇಖಾಂಶವೂ ಇರುತ್ತವೆ. ನನ್ನ ಪುಣ್ಯಕ್ಕೆ, ಬೆಳೆ ಸಮೀಕ್ಷೆಗೆ ಬಂದಿದ್ದ ಹುಡುಗ ನನ್ನ ಮೊಬೈಲಿನಲ್ಲಿ ಅದನ್ನು ಚಾಲೂ ಮಾಡಿ ಹೋಗಿದ್ದ. ನೀವೂ ಈಗಲೇ ಕ್ಯಾಮೆರಾದ ಸೆಟ್ಟಿಂಗ್ ತೆಗೆದು ನೋಡಿಕೊಳ್ಳಿ. ಅದು ಬಂದ್ ಇದ್ದರೆ ಮುಂದಿನ ಮಾತೆಲ್ಲ ವ್ಯರ್ಥ.

ಜಾಗ ತಿಳಿಸುವುದು ಉಪಗ್ರಹಗಳು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕಡಿಮೆ ಎಂದರೆ ನಾಲ್ಕರ ಸಂಕೇತ ಸಿಕ್ಕರೆ ಮೊಬೈಲ್ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. 2000ದ ಮೇ ತಿಂಗಳ ತನಕ ಆ ದೇಶದವರು ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಇದು ನಮ್ಮಂಥವರ ಹೊಲದ ಕೆಲಸಕ್ಕೆ ಬಂದದ್ದು.

ಒಂದು ಫೋಟೊ ಅಂದರೆ ಒಂದು ಬಿಂದು. ಒಂದು ಎತ್ತನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಹತ್ತು ಎತ್ತು ಇದ್ದರೆ ದಾವಣಿ ಹಗ್ಗ ಎಳೆದು ಸಾಲಿಗೆ ಕಟ್ಟುತ್ತೇವೆ. ಬಿಂದುಗಳನ್ನು ಹೊತ್ತಿನ ಪ್ರಕಾರ, ಮೊದಲು ತೆಗೆದದ್ದು ಮೊದಲು ಎಂದು ಸಾಲಿಗೆ ಕಟ್ಟುವ ಹಗ್ಗವೇ ಜಿಪಿಎಕ್ಸ್ ಎಂಬ ಕಡತ. ಅದು ಬರೇ ಅಕ್ಷರದ ಕಡತ, ಚಿತ್ರ ಇರುವುದಿಲ್ಲ. ಒಂದೊಂದು ಬಿಂದುವಿಗೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ, ಇಷ್ಟೇ. ನಕ್ಷೆ ತೋರಿಸುವ ಬಹುತೇಕ ಎಲ್ಲ ಆ್ಯಪ್‌ಗಳೂ ಇದನ್ನು ಓದುತ್ತವೆ.

ನೌಬಾದ್‌ನಲ್ಲಿ ಕೂತು ಈ ಮಾತು ಕೇಳಿದಾಗ ನನಗೆ ಅಲ್ಲಿಯ ಕಾರೇಜ್ ನೆನಪಾಯಿತು. ಕರಾವಳಿಯ ಓದುಗರಿಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಗೊತ್ತು. ನಮ್ಮಲ್ಲಿಯದು ಬಹಮನಿ ಸುಲ್ತಾನರ ಕಾಲದ್ದು, ಕೆಂಪು ಕಲ್ಲಿನ ನೆಲದೊಳಗೆ ಬಲು ದೂರ ಸಾಗುವ ನೀರಿನ ದಾರಿ. ಮೇಲೆ ನಿಂತರೆ ಸುರಂಗ ಕಾಣುವುದಿಲ್ಲ. ಅಲ್ಲೊಂದು ಇಲ್ಲೊಂದು ಬಾವಿಯ ಬಾಯಿಯಂಥ ಕಿಂಡಿ ಕಾಣುತ್ತದೆ, ಅಷ್ಟೇ. ಕೇರಳದ ಭೂಗೋಳ ಅಧ್ಯಾಪಕರಾದ ವಿ. ಗೋವಿಂದನ್‌ಕುಟ್ಟಿ ಅವರು ಆ ಕಿಂಡಿಗಳನ್ನು ಹುಡುಕಿ ನಕ್ಷೆಗೆ ಇಳಿಸಿದರು. ಕಿಂಡಿಗೆ ಕಿಂಡಿ ಸೇರಿಸಿದರೆ ಕೆಳಗಿನ ನೀರಿನ ದಾರಿ ತಿಳಿಯುತ್ತದೆ. ನನ್ನ ಫೋಟೊಗಳೂ ಹಾಗೆಯೇ, ಮುಚ್ಚಿಹೋದ ಕೊರಕಲಿನ ಕಿಂಡಿಗಳು.

ಮಾಡಿದ ರೀತಿ

ಮೊದಲು ನಾನು ಮಾಡಿದ ಕೆಲಸ ಹೇಳಬೇಕು. ಬೀದರಿಗೆ ಹೋಗುವ ಮುಂಚೆ ಊರಿಂದಲೇ ಅಷ್ಟೂ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಅಳಿಯ ತೆಗೆದು ನೋಡಿದರೆ ಒಂದರಲ್ಲೂ ಜಾಗದ ಗುರುತಿಲ್ಲ! ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಸಣ್ಣದಾಗುತ್ತದೆ, ಬೆನ್ನಿಗಿನ ಚೀಟಿ ಹರಿದುಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಚೀಟಿ ಉಳಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮೊಬೈಲಿಗೆ ಕೇಬಲ್ ಹಚ್ಚಿ ಅಸಲು ಫೋಟೊಗಳನ್ನೇ ಕಂಪ್ಯೂಟರಿಗೆ ಇಳಿಸುವುದು. ನನ್ನ ಮೊಬೈಲಿನಲ್ಲಿ ಅಸಲು ಇದ್ದವು, ಹಾಗಾಗಿ ಬದುಕಿದೆ. ಕಳಿಸಾಯ್ತಲ್ಲ ಅಂತ ಅಳಿಸಿದ್ದರೆ ಮುಗಿದೇ ಹೋಗುತ್ತಿತ್ತು.

ಫೋಟೊದ ಮೇಲೇ ಜಾಗ, ತಾರೀಕು ಅಚ್ಚು ಹಾಕುವ ಆ್ಯಪ್‌ಗಳನ್ನೂ ನಮ್ಮ ಕಡೆ ಬಹಳ ಮಂದಿ ಬಳಸುತ್ತಾರೆ. ಆ ಅಚ್ಚು ಮನುಷ್ಯರು ಓದಲಿಕ್ಕೆ. ದಾವಣಿ ಕಟ್ಟುವ ತಂತ್ರಾಂಶ ಅಚ್ಚನ್ನು ಓದುವುದಿಲ್ಲ, ಅದಕ್ಕೆ ಒಳಗಿನ ಚೀಟಿಯೇ ಬೇಕು.

ಅಳಿಯ ಬಳಸಿದ್ದು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ. ಫಿಲ್ ಹಾರ್ವಿ ಎಂಬವರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಅದರ ಜೊತೆಗೆ ಜಿಪಿಎಕ್ಸ್ ಬರೆಯುವ ಒಂದು ಸಿದ್ಧ ನಮೂನೆಯೂ ಬರುತ್ತದೆ, ನಾವು ಅರ್ಜಿ ಫಾರಂ ತುಂಬುತ್ತೇವಲ್ಲ ಹಾಗೆ. 43 ಫೋಟೊಗಳನ್ನು ಒಂದೇ ಫೋಲ್ಡರಿನಲ್ಲಿ ಹಾಕಿದ. ಕಪ್ಪು ಪರದೆ ತೆರೆದು ಒಂದು ಸಾಲು ಬರೆದ. ಆ ಸಾಲಿನಲ್ಲಿ ಕ್ರಮವಾಗಿ ಇದ್ದದ್ದು ಇಷ್ಟು: ತಂತ್ರಾಂಶದ ಹೆಸರು, ಜಿಪಿಎಸ್ ಸಮಯದ ಪ್ರಕಾರ ಸಾಲು ಹಚ್ಚು ಎಂಬ ಅಪ್ಪಣೆ, ನಮೂನೆಯ ಹೆಸರು, ಫೋಲ್ಡರಿನ ಹೆಸರು, ಆಮೇಲೆ ಬಾಣದ ಗುರುತು ಹಾಕಿ ಹೊಸ ಕಡತದ ಹೆಸರು. ನಾನು ಎಲೆಗೆ ಸುಣ್ಣ ಹಚ್ಚುವುದರೊಳಗೆ ಕಡತ ತಯಾರಾಯಿತು. ಅದನ್ನು ಗೂಗಲ್ ಅರ್ಥ್‌ನಲ್ಲಿ ತೆರೆದ. ಮೊಬೈಲಿನಲ್ಲೇ ನೋಡುವವರಿಗೆ ಓಸ್ಮ್‌ಆಂಡ್ ಎಂಬ ಆ್ಯಪ್ ಸಾಕು.

ತೆರೆದು ನೋಡಿದರೆ ನಗು ಬಂತು. ಗೆರೆ ಭಾಲ್ಕಿ ಬಸ್ ನಿಲ್ದಾಣದಿಂದ ಶುರುವಾಗಿ ಕಾಗೆ ಹಾರಿದ ಹಾಗೆ ನೇರ ನನ್ನ ಹೊಲಕ್ಕೆ ಬಂದಿದೆ! ಹಿಂದಿನ ದಿನ ನಾನು ಭಾಲ್ಕಿ ಪೇಟೆಗೆ ಹೋಗಿದ್ದೆ. ಬೆಳಿಗ್ಗೆ ಮೊದಲ ಫೋಟೊ ತೆಗೆದಾಗ ಮೊಬೈಲಿಗೆ ಇನ್ನೂ ಉಪಗ್ರಹ ಸಿಕ್ಕಿರಲಿಲ್ಲ, ಹಳೆಯ ಜಾಗವನ್ನೇ ಬರೆದುಕೊಂಡಿದೆ. ಅದಕ್ಕೇ ಹೊಲಕ್ಕೆ ಹೋದ ಮೇಲೆ ಬಯಲಿನಲ್ಲಿ ಒಂದೆರಡು ನಿಮಿಷ ನಿಂತು, ನಕ್ಷೆಯಲ್ಲಿ ನಮ್ಮ ಗುರುತು ಸರಿಯಾದ ಜಾಗಕ್ಕೆ ಬಂದದ್ದು ನೋಡಿ ಆಮೇಲೆ ಫೋಟೊ ಶುರು ಮಾಡಬೇಕು. ಆ ಒಂದು ಬಿಂದುವನ್ನು ತೆಗೆದೆವು. ಇನ್ನು ಮೂರು ಫೋಟೊಗಳಲ್ಲಿ ಜಾಗವೇ ಇರಲಿಲ್ಲ. ಉಳಿದವು 39.

ಎರಡು ಫೋಟೊಗಳಿಗೆ ಒಂದೇ ಜಿಪಿಎಸ್ ಸಮಯ ಬಿದ್ದಿತ್ತು. ಕೆಲವು ಮೊಬೈಲುಗಳಲ್ಲಿ ಹೀಗೆ ಆಗುತ್ತದಂತೆ. ಆಗ ಕ್ಯಾಮೆರಾದ ಗಡಿಯಾರದ ಪ್ರಕಾರ ಸಾಲು ಹಚ್ಚಬೇಕು. ಇನ್ನೊಂದು ಮಾತು: ಕಡತದಲ್ಲಿ ನನ್ನ ಒಂದು ಫೋಟೊದ ಹೊತ್ತು 1 ಗಂಟೆ 40 ನಿಮಿಷ ಎಂದಿತ್ತು. ನಡುರಾತ್ರಿ ಒಂದೂ ನಲವತ್ತಕ್ಕೆ ನಾನೇನು ಹೊಲದಲ್ಲಿ ದೆವ್ವ ಕಾಯುತ್ತಿದ್ದೆನೇ ಎಂದೆ. ಉಪಗ್ರಹದ ಗಡಿಯಾರ ಇಂಗ್ಲೆಂಡಿನ ಗ್ರೀನಿಚ್‌ನ ಲೆಕ್ಕದ್ದು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಹೊತ್ತು, ಬೆಳಿಗ್ಗೆ 7 ಗಂಟೆ 10 ನಿಮಿಷ. ಸರಿಯಾಗಿದೆ.

ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ ಒಂದು ವಿಷಯ. ಫೋಟೊದ ಚೀಟಿಯಲ್ಲಿ ಜಾಗ ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ಇರುತ್ತದೆ. ಜಿಪಿಎಕ್ಸ್‌ನಲ್ಲಿ ದಶಾಂಶದಲ್ಲಿ ಇರಬೇಕು. 18 ಡಿಗ್ರಿ 2 ಮಿನಿಟು 24 ಸೆಕೆಂಡು ಅಂದರೆ ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು. 18.04 ಆಗುತ್ತದೆ. ತಂತ್ರಾಂಶ ಇದನ್ನು ತಾನೇ ಮಾಡುತ್ತದೆ. ಆದರೆ ಕೈಯಲ್ಲಿ ಬರೆದುಕೊಳ್ಳುವವರು 18.0224 ಎಂದು ಬರೆದರೆ ಜಾಗ ಸುಮಾರು ಎರಡು ಕಿಲೋಮೀಟರ್ ತೆಂಕಣಕ್ಕೆ ಸರಿಯುತ್ತದೆ. ಅಕ್ಷಾಂಶದ ಒಂದು ಸೆಕೆಂಡು ಸುಮಾರು 31 ಮೀಟರ್. ನಮ್ಮ ಮೋಜಣಿಯ ಸರಪಳಿ 33 ಅಡಿ. ಹಾಗಾದರೆ ಒಂದು ಸೆಕೆಂಡು ಹೆಚ್ಚು ಕಡಿಮೆ ಮೂರು ಸರಪಳಿ. ಈ ಲೆಕ್ಕ ಸಿಕ್ಕ ಮೇಲೆ ನನಗೆ ಅದರ ಮೇಲಿನ ಅಂಜಿಕೆ ಹೋಯಿತು.

ಗೆರೆ ಹೇಳಿದ್ದು

39 ಬಿಂದುಗಳ ಗೆರೆ, ಉದ್ದ ಸುಮಾರು 620 ಮೀಟರ್. ಮೇಲಿನವನ ಹೊಲದಿಂದ ಇಳಿಜಾರಿಗೆ ಸರಳ ಇಳಿದು ಬಂದು ನನ್ನ ಹೊಲದ ನಡುವೆ ತಟ್ಟನೆ ಮೂಡಣಕ್ಕೆ ಹೊರಳಿತ್ತು. ಸುಮಾರು 70 ಮೀಟರ್ ಅಡ್ಡ ಹೋಗಿ ಮತ್ತೆ ಕೆಳಗೆ ಬಿದ್ದಿತ್ತು.

ಅಳಿಯ ಕೇಳಿದ, "ಮಾಮಾ, ಇಲ್ಲಿ ಯಾಕ ಹೊರಳೀರಿ?"

"ನಾ ಹೊರಳಿಲ್ಲೋ, ನೀರು ಹೊರಳಿತ್ತು. ನಾ ಕೊರಕಲಿನ ದಂಡೀ ಹಿಡದು ಬಂದೀನಿ."

"ನೀರು ಯಾಕ ಹೊರಳಿತ್ರಿ?"

ಬಾಯಿ ಬರಲಿಲ್ಲ. ಹೊರಳಿದ ಜಾಗದ ಫೋಟೊ ತೆಗೆದ. ಅದರಲ್ಲಿ ನನ್ನದೇ ಒಡ್ಡು. 2023ರ ಬೇಸಿಗೆಯಲ್ಲಿ ನಾನೇ ಜೆಸಿಬಿ ಹಚ್ಚಿ ಹಾಕಿಸಿದ್ದು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರವನ್ನೂ ನೋಡಬಹುದು. ಅದರಲ್ಲಿ ಅದೇ ಜಾಗದಲ್ಲಿ ಕಪ್ಪಗೆ ಒಂದು ಸಣ್ಣ ಜಾಡು ಕಂಡಿತು. ನಮ್ಮ ಅಪ್ಪನ ಕಾಲದಲ್ಲಿ ಮಳೆನೀರು ಹರಿದು ಹೋಗುತ್ತಿದ್ದ ತಗ್ಗು ಅದು. ಅಪ್ಪ ಅಲ್ಲಿ ಬಿತ್ತುತ್ತಿರಲಿಲ್ಲ, ಹುಲ್ಲು ಬಿಟ್ಟಿದ್ದ. ನಾನು ಅರ್ಧ ಗುಂಟೆ ಆಸೆಗೆ ಅದನ್ನು ಮುಚ್ಚಿ, ಮೇಲೆ ಒಡ್ಡು ಹಾಕಿಸಿ, ಕೋಡಿ ಬಿಡದೆ ಬಂದ್ ಮಾಡಿದ್ದೆ. ನೀರು ಒಡ್ಡಿಗೆ ಬಡಿದು, ಒಡ್ಡುಗುಂಟ ಹರಿದು, ಮೆತ್ತಗಿದ್ದ ಕಡೆ ಒಡೆದುಕೊಂಡು ಹೋಗಿದೆ.

ಆರನೆಯ, ಏಳನೆಯ ಫೋಟೊಗಳನ್ನೂ ತೆಗೆಸಿದೆ. ಮೇಲಿನವನ ಒಡ್ಡು ಇಡಿಯಾಗಿದೆ. ಅವನು ಕಟ್ಟಿದ ಕಲ್ಲಿನ ಕೋಡಿಯ ಮೇಲೆ ನೀರು ಹಾದು ಬಂದ ಕೆಸರಿನ ಗುರುತು ಇದೆ. ಒಂದು ಕಲ್ಲೂ ಕದಲಿಲ್ಲ. ಈ ಫೋಟೊಗಳನ್ನು ನಾನೇ ತೆಗೆದದ್ದು. ಆರು ತಿಂಗಳು ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ್ದು. ಒಂದೊಂದಾಗಿ ನೋಡಿದಾಗ ನನಗೆ ಬೇಕಾದದ್ದೇ ಕಂಡಿತ್ತು. ಸಾಲಿಗೆ ಕಟ್ಟಿದ ಮೇಲೆ ನೀರು ಎಲ್ಲಿಂದ ಎಲ್ಲಿಗೆ ಎಂಬುದು ಕಂಡಿತು.

ಆದರೂ ಗೆರೆಯೊಂದನ್ನೇ ನಂಬಬಾರದು. ತೆರೆದ ಬಯಲಿನಲ್ಲಿ ಮೊಬೈಲಿನ ಜಾಗ ಐದು ಮೀಟರ್ ಆಚೆ ಈಚೆ ಆಗುವುದು ಸಾಮಾನ್ಯ, ಮರದ ಕೆಳಗೆ ಇನ್ನೂ ಹೆಚ್ಚು. 70 ಮೀಟರಿನ ಹೊರಳು ಅಂಥ ತಪ್ಪಿನಿಂದ ಬರುವಂಥದ್ದಲ್ಲ, ಅದಕ್ಕೇ ಅದನ್ನು ನಂಬಿದೆ. ಎತ್ತರದ ಅಂಕಿಯನ್ನಂತೂ ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಜಿಪಿಎಸ್‌ನಲ್ಲಿ ಎತ್ತರ ಇನ್ನೂ ಹೆಚ್ಚು ತಪ್ಪುತ್ತದೆ. ಒಂದಡಿ ಎರಡಡಿ ಇಳಿಜಾರು ಅದಕ್ಕೆ ತಿಳಿಯುವುದಿಲ್ಲ. ಊರಿಗೆ ಬಂದು ಗೌಂಡಿಯ ಮಟ್ಟದ ಪೈಪು ತಂದು ನೀರು ತುಂಬಿ ಒಡ್ಡಿನುದ್ದಕ್ಕೂ ಹಿಡಿದು ನೋಡಿದೆ. ಹಳೆಯ ತಗ್ಗು ಇದ್ದ ಜಾಗವೇ ಎಲ್ಲಕ್ಕಿಂತ ಕೆಳಗಿತ್ತು.

ಔರಾದ್‌ನಲ್ಲಿ ಇನ್ನೊಂದು ಸಲ

ಇದನ್ನು ಕೇಳಿ ನಮ್ಮ ಭಾವನವರು, ಅಂದರೆ ಈ ಅಳಿಯನ ತಂದೆ, ತಮ್ಮ ಹೊಲದ ಬಂಡಿ ದಾರಿಗೂ ಹೀಗೆ ಗೆರೆ ಹಾಕಿಕೊಡಿ ಅಂದರು. ಅವರದು ಔರಾದ್ ತಾಲ್ಲೂಕು. ದಾರಿಯ ಎರಡೂ ಕಡೆಯವರು ವರ್ಷಕ್ಕೊಂದು ಸಾಲು ಒಳಗೆ ಉತ್ತು, ಬಂಡಿ ಹೋಗುವುದೇ ಕಷ್ಟವಾಗಿತ್ತು.

ಮೊದಲ ಸಲ ಅವರೇ ಹೋಗಿ ಏಳು ಫೋಟೊ ತೆಗೆದು ತಂದರು. ದಾರಿ ಒಂದು ಕಿಲೋಮೀಟರಿಗಿಂತ ಹೆಚ್ಚು. ಏಳು ಬಿಂದು ಸೇರಿಸಿದರೆ ಗೆರೆ ತಿರುವುಗಳನ್ನೆಲ್ಲ ಬಿಟ್ಟು ಮೂವರ ಹೊಲದ ನಡುವೆ ಹಾದುಹೋಯಿತು. ಬಿಂದುವಿನಿಂದ ಬಿಂದುವಿಗೆ ಅದು ನೇರ ಎಳೆಯುತ್ತದೆ, ನಡುವೆ ಏನಿದೆಯೋ ಅದಕ್ಕೇನು ಗೊತ್ತು. ಆ ಗೆರೆಯನ್ನು ಹಾಗೇ ತೋರಿಸಿದ್ದರೆ ಕೊಡಲಿ ಹೊರಬೀಳುತ್ತಿತ್ತು! ಎರಡನೇ ಸಲ ನಾನೇ ಜೊತೆಗೆ ಹೋದೆ. ಮೂವತ್ತು ಹೆಜ್ಜೆಗೊಂದು, ತಿರುವಿನಲ್ಲಿ ಮೂರು, ಹೀಗೆ 58 ಫೋಟೊ ತೆಗೆದೆವು. ಗೆರೆ ದಾರಿಯ ಹಾಗೇ ಬಂತು.

ಅಲ್ಲಿ ಇನ್ನೊಂದು ಪಾಠವಾಯಿತು. ಭಾವನವರು ಒಂದು ಬಾಂದು ಕಲ್ಲನ್ನು ಹಳ್ಳದ ಈಚೆ ದಂಡೆಯಿಂದಲೇ ಜೂಮ್ ಮಾಡಿ ತೆಗೆದಿದ್ದರು. ಚೀಟಿಯಲ್ಲಿ ಬರೆದದ್ದು ಕಲ್ಲಿನ ಜಾಗವಲ್ಲ, ಅವರು ನಿಂತ ಜಾಗ. ಯಾವುದರ ಜಾಗ ಬೇಕೋ ಅದರ ಹತ್ತಿರವೇ ಹೋಗಿ ನಿಲ್ಲಬೇಕು.

ಬಂಡಿ ದಾರಿಯ ಅಗಲವೇ ಮೂರು ನಾಲ್ಕು ಮೀಟರ್, ಮೊಬೈಲಿನ ತಪ್ಪು ಐದು ಮೀಟರ್. ಹಾಗಾಗಿ ಈ ಗೆರೆಯಿಂದ ಯಾರು ಎಷ್ಟು ಒತ್ತಿದ್ದಾರೆಂದು ಹೇಳಲು ಬರುವುದಿಲ್ಲ. ಅದಕ್ಕೆ ಹದ್ದುಬಸ್ತು ಅರ್ಜಿ ಹಾಕಿ ಭೂಮಾಪಕರಿಂದಲೇ ಅಳೆಸಬೇಕು. ಊರ ನಕ್ಷೆಯಲ್ಲಿ ದಾರಿ ಇದೆಯೋ ಇಲ್ಲವೋ, ಇದ್ದರೆ ಯಾವ ಸರ್ವೆ ನಂಬರುಗಳ ನಡುವೆ, ಅಷ್ಟು ಮನವರಿಕೆಯಾಗಲು ನಮ್ಮ ಗೆರೆ ಸಾಕಾಯಿತು. ಹೊಲದಲ್ಲಿ ನಿಂತು ಸರ್ವೆ ನಂಬರು ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಭಾವನವರು ಅರ್ಜಿ ಹಾಕಿದ್ದಾರೆ.

ಈ ಚೀಟಿಯನ್ನು ಗೊತ್ತಿದ್ದವರು ತಿದ್ದಲೂಬಹುದು. ಆದ್ದರಿಂದ ನಮ್ಮ ಗೆರೆಯನ್ನು ಎಲ್ಲರೂ ಒಪ್ಪಿಯೇ ಒಪ್ಪುತ್ತಾರೆಂದು ತಿಳಿಯಬೇಡಿ. ಅಸಲು ಫೋಟೊಗಳನ್ನು ಮುಟ್ಟದೆ ಒಂದು ಪೆನ್‌ಡ್ರೈವಿನಲ್ಲಿ ಇಡಿ, ಕೆಲಸ ಮಾಡುವುದು ನಕಲಿನ ಮೇಲೆ. ವಿಮೆಯ ಮಾತು ಬೇರೆ. ಫಸಲ್ ಬಿಮಾದಲ್ಲಿ ನೆರೆ, ಆಲಿಕಲ್ಲಿನ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಗೆರೆ ಮಾಡುತ್ತ ಕೂತು ಆ ಗಡುವು ಕಳೆದುಕೊಳ್ಳಬೇಡಿ. ಮೊದಲು ತಿಳಿಸಿ, ಗೆರೆ ಆಮೇಲೆ. ಮತ್ತೆ, ಮನೆಯಲ್ಲಿ ತೆಗೆದ ಫೋಟೊದಲ್ಲಿ ಮನೆಯ ಜಾಗವೂ ಇರುತ್ತದೆ. ಗುರುತಿಲ್ಲದವರಿಗೆ ಅಸಲು ಫೋಟೊ ಕೊಡುವಾಗ ಲಕ್ಷ್ಯ ಇರಲಿ.

ಮೇಲಿನ ಹೊಲದವನ ಮನೆಗೆ ಹೋದದ್ದು ಒಂದು ಸೋಮವಾರ ಸಂಜೆ. ಮೊಬೈಲಿನಲ್ಲಿ ಗೆರೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. "ಅಣ್ಣಾ, ನಾ ಅವತ್ತ ಹೇಳಿದ್ದೆನಲ್ಲ" ಎಂದಷ್ಟೇ ಅಂದ. ಅವನ ಹೆಂಡತಿ ಚಹಾ ತಂದಿಟ್ಟಳು. ಮದುವೆಯ ಮಾತು ನಾನೇ ಎತ್ತಿದೆ, ತಪ್ಪಾಯ್ತು ಅಂದೆ. ಮದುಮಗಳಿಗೆ ಕೊಡಬೇಕಾಗಿದ್ದ ಸೀರೆಯನ್ನು ಆಮೇಲೆ ನಮ್ಮ ಮನೆಯವರು ಒಯ್ದು ಕೊಟ್ಟರು.

ಒಡ್ಡಿನ ತಗ್ಗು ಜಾಗದಲ್ಲಿ ಎಂಟಡಿ ಅಗಲ ಬಿಡಿಸಿ ಕಲ್ಲಿನ ಕೋಡಿ ಕಟ್ಟಿಸಿದ್ದೇನೆ. ಕಲ್ಲು ಹೇರಲು ಅವನ ಟ್ರ್ಯಾಕ್ಟರೇ ಬಂತು. ಕೋಡಿಯ ಕೆಳಗೆ ನೀರು ಬೀಳುವ ಕಡೆ ದಪ್ಪ ಕಲ್ಲು ಹಾಸಿ, ಹಳೆಯ ತಗ್ಗಿನ ಜಾಡನ್ನು ಮತ್ತೆ ಬಿಡಿಸಿ ಹುಲ್ಲು ಹಚ್ಚಿದ್ದೇವೆ. ಕೆಳಗಿನ ಹೊಲದವನೂ ತನ್ನ ಒಡ್ಡಿಗೆ ಅದೇ ಸಾಲಿನಲ್ಲಿ ಕೋಡಿ ಬಿಡುತ್ತೇನೆ ಅಂದಿದ್ದಾನೆ. ದೊಡ್ಡ ಮಳೆ ಬಂದ ಮರುದಿನ ಮೂವರೂ ಕೂಡಿ ಮೇಲಿನಿಂದ ಹಳ್ಳದ ತನಕ ಇನ್ನೊಮ್ಮೆ ಫೋಟೊ ತೆಗೆಯುತ್ತ ನಡೆಯುವುದೆಂದು ಮಾತಾಗಿದೆ.